ಖಾಲಿ ಜಾಗದ ಬೆನ್ನು ಹತ್ತಿ

ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಮೌನಕ್ಕ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವರಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಐದು ತಿಂಗಳಲ್ಲಿ ಅವಳು ಆಡಿದ ಮಾತನ್ನೆಲ್ಲ ಒಟ್ಟು ಮಾಡಿದರೂ ಒಂದು ದಿಂಬಿನ ಚೀಲ ತುಂಬುತ್ತಿರಲಿಲ್ಲ, ಅಷ್ಟೆ. ಆಸ್ಪತ್ರೆಯ ಹಾಸುಬಟ್ಟೆಗಳು, ಹೋಟೆಲಿನ ಟವೆಲ್ಲುಗಳು ಹಬೆಯಾಡುತ್ತ ಯಂತ್ರದಿಂದ ಹೊರಬಂದರೆ ಮೂಲೆಗೆ ಮೂಲೆ ಕೂಡಿಸಿ ಮಡಚುವುದು ಅವಳ ಕೆಲಸ. ಮಡಚುವುದಕ್ಕೆ ಬಾಯಿ ಬೇಕಾಗಿಲ್ಲ. ಹಾಗಾಗಿ ಆ ಕೆಲಸ ಅವಳಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಒಪ್ಪಿತ್ತು.

ಲಾಂಡ್ರಿ ಶುರುವಾದದ್ದು ನಗರದ ದುಡ್ಡಿನಲ್ಲಿ. ಊರು ಮುಂದೆ ಬರಬೇಕು, ಜನಕ್ಕೆ ಕೆಲಸ ಸಿಗಬೇಕು ಎಂದು ನಗರಸಭೆಯವರು ಯಜಮಾನಿಗೆ ಮೂರು ದೊಡ್ಡ ಯಂತ್ರ ಕೊಡಿಸಿದ್ದರು. ಷರತ್ತು ಒಂದೇ: ಆರು ಹೊಸ ಉದ್ಯೋಗ ಹುಟ್ಟಬೇಕು. ಐದಾದರೆ ಯಂತ್ರ ವಾಪಸ್ಸು. ಐದೂವರೆಯಾದರೂ ವಾಪಸ್ಸು, ಅರ್ಧ ಮನುಷ್ಯರ ಬಗ್ಗೆಯೂ ಒಂದು ನಿಯಮವಿತ್ತು.

ಹುಟ್ಟಿದವೋ ಇಲ್ಲವೋ ಎಂದು ಅಳೆಯಲು ಒಂದು ಬೆಳಿಗ್ಗೆ ಅಳತೆ ಕಚೇರಿಯ ಸಾಹೇಬರು ಬಂದರು. ತೆಳ್ಳಗಿನ ಮನುಷ್ಯ, ಕಂಕುಳಲ್ಲಿ ಫೈಲು, ನೆರಳಲ್ಲಿಟ್ಟು ಬೆಳೆಸಿದ ಗಿಡದಂಥ ಮುಖ. ಹದಿನಾರು ವರ್ಷದ ನೌಕರಿಯಲ್ಲಿ ಕಚೇರಿಯಿಂದಾಚೆ ಬಂದು ಅಳೆಯುತ್ತಿರುವುದು ಇದೇ ಮೊದಲು ಎಂದು ಅವರೇ ಹೇಳಿಕೊಂಡರು. ಅಲ್ಲಿಯವರೆಗೆ ಅವರಿವರು ಬರೆದು ಕಳಿಸಿದ್ದನ್ನು ಕೂಡಿಸುತ್ತಿದ್ದರಂತೆ. ಹೋದ ವರ್ಷ ಹಾಗೆ ಕೂಡಿಸಿದಾಗ ಊರಿನ ಜನಸಂಖ್ಯೆಗಿಂತ ಹುಟ್ಟಿದ ಉದ್ಯೋಗವೇ ಹೆಚ್ಚಾಗಿ, ಇನ್ನು ಮೇಲೆ ಕಣ್ಣಾರೆ ನೋಡಿಕೊಂಡು ಬಾ ಎಂದು ಮೇಲಿನವರು ಅಟ್ಟಿದ್ದರು.

ಮೊದಲ ಐದು ಜನ ಹಿಂದೆ ಕೆಲಸವಿಲ್ಲದೆ ಮನೆಯಲ್ಲಿದ್ದವರು. ಸಾಹೇಬರು ಸರಸರನೆ ಗುರುತು ಹಾಕಿದರು. ಆರನೆಯವಳು ಮೌನಕ್ಕ.

"ಇದಕ್ಕೆ ಮೊದಲು ಏನು ಮಾಡ್ತಿದ್ದೆಯಮ್ಮ?"

ಸುಳ್ಳು ಹೇಳಬೇಕಾದರೆ ಮಾತು ಜಾಸ್ತಿ ಬೇಕು. ಮೌನಕ್ಕ ನಿಜ ಹೇಳಿದಳು. "ಚಿಕ್ಕಮ್ಮನ ಇಸ್ತ್ರಿ ಅಂಗಡೀಲಿದ್ದೆ."

ಸಾಹೇಬರ ಪೆನ್ನು ನಿಂತಿತು. "ಹಾಗಾದ್ರೆ ಇದು ಹುಟ್ಟಿದ ಕೆಲಸ ಅಲ್ಲ, ಜರುಗಿದ ಕೆಲಸ. ಇಲ್ಲೊಂದು ಕೂಡಿದ್ರೆ ಅಲ್ಲೊಂದು ಕಳೀಬೇಕು. ಸೊನ್ನೆ."

"ಅಲ್ಲ ಸ್ವಾಮಿ," ಯಜಮಾನಿ ಸೊಂಟದ ಮೇಲೆ ಕೈಯಿಟ್ಟಳು, "ಹುಡುಗಿ ಗಟ್ಟಿಮುಟ್ಟಾಗಿ ಕಣ್ಣೆದುರಿಗೇ ನಿಂತಿದ್ದಾಳೆ. ಸೊನ್ನೆ ಅಂತೀರಲ್ಲ."

"ನಿಂತಿರೋದು ನನಗೂ ಕಾಣ್ತಿದೆ. ಲೆಕ್ಕಕ್ಕೆ ಕಾಣ್ತಿಲ್ಲ. ಇವಳು ಬಿಟ್ಟ ಜಾಗಕ್ಕೆ ಯಾರಾದ್ರೂ ಬಂದಿರ್ಬೇಕು, ಅವರು ಮೊದಲು ಖಾಲಿ ಕೂತಿದ್ದೋರಾಗಿರ್ಬೇಕು. ಆಗ ಒಂದು. ಅವರೂ ಇನ್ನೆಲ್ಲಿಂದಲೋ ಬಂದಿದ್ರೆ ಅಲ್ಲಿಗೂ ಹೋಗಿ ನೋಡ್ಬೇಕು. ಇವಳೂ ಬರ್ಲಿ, ಎಲ್ಲಾ ಕಡೆ ಸಹಿ ಬೇಕು."

ಯಜಮಾನಿ ಮೌನಕ್ಕನನ್ನು ಬಟ್ಟೆಯ ರಾಶಿಯ ಹಿಂದಕ್ಕೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು. "ನೋಡು ತಾಯಿ, ಸಂಜೆಗೆ ಸೊನ್ನೆ ಹಿಡ್ಕೊಂಡು ಬಂದ್ಯೋ, ನಾಳೆ ಲಾರಿ ಬರುತ್ತೆ. ಯಂತ್ರ ಹೋಗುತ್ತೆ, ಅದರ ಹಿಂದೆ ನೀನು, ನಿನ್ನ ಹಿಂದೆ ಈ ಐದು ಜನ. ಎಲ್ಲಾದ್ರೂ ಸರಿ, ಒಬ್ಬ ಮನುಷ್ಯನ್ನ ಹುಡುಕು."

ಇಬ್ಬರೂ ಚಿಕ್ಕಮ್ಮನ ಅಂಗಡಿಗೆ ಹೊರಟರು. ಅಂಗಡಿಯೆಂದರೆ ಮೆಟ್ಟಿಲ ಕೆಳಗಿನ ಒಂದು ಗೂಡು. ಒಂದು ಮೇಜು, ಒಂದು ಇಸ್ತ್ರಿಪೆಟ್ಟಿಗೆ, ಅದಕ್ಕಿಂತ ಬಿಸಿಯಾದ ಚಿಕ್ಕಮ್ಮನ ಬಾಯಿ.

"ಬಂದ್ಯಾ ಮಹಾರಾಣಿ? ಯಂತ್ರದ ಗಾಳಿ ಸಾಕಾಯ್ತಾ?"

ಮೌನಕ್ಕ ಕಾಲ ಬೆರಳು ನೋಡಿಕೊಂಡಳು. ಅವಳ ಹಳೆಯ ಜಾಗದಲ್ಲಿ ಎತ್ತರದ ಮನುಷ್ಯನೊಬ್ಬ ಅಂಗಿಯ ಕಾಲರು ತೀಡುತ್ತಿದ್ದ. ಮೊದಲು ಎಲ್ಲಿದ್ದೆ ಎಂದು ಸಾಹೇಬರು ಕೇಳಿದರು.

"ಟಾಕೀಸಲ್ಲಿ, ಗೇಟು ಕಾಯ್ತಿದ್ದೆ. ಹನ್ನೊಂದು ವರ್ಷ. ಎಲ್ಲಾ ಸಿನಿಮಾದ್ದೂ ಶುರು ಗೊತ್ತು, ಒಂದರದ್ದೂ ಕೊನೆ ಗೊತ್ತಿಲ್ಲ. ಇಲ್ಲಿ ಹಾಗಲ್ಲ. ಅಂಗಿ ಶುರು ಮಾಡಿದ್ರೆ ಕೊನೇನೂ ನಾನೇ ನೋಡ್ತೀನಿ."

"ಅಂದ್ರೆ ಇವನೂ ಜರುಗಿದವನೇ," ಸಾಹೇಬರು ಬರೆದುಕೊಂಡರು.

"ಇವಳ ಲಾಂಡ್ರಿ ಮುಚ್ಚಿಹೋದ್ರೆ ಹೇಳಿ ಸ್ವಾಮಿ," ಎಂದಳು ಚಿಕ್ಕಮ್ಮ. "ಇವನ್ನ ಕಳಿಸಿ ಇವಳನ್ನೇ ಇಟ್ಕೋತೀನಿ. ಎಷ್ಟಾದ್ರೂ ಅಕ್ಕನ ಮಗಳು, ಬೀದೀಲಿ ಬಿಡೋಕಾಗುತ್ತಾ? ಸಂಬಳಾನೂ ಕೊಡ್ಬೇಕಾಗಿಲ್ಲ."

ಎತ್ತರದವನ ಕೈ ಕಾಲರಿನ ಮೇಲೆಯೇ ನಿಂತುಬಿಟ್ಟಿತು. ಬಟ್ಟೆ ಕಂದುವ ವಾಸನೆ ಬಂದ ಮೇಲೆ ಅವನಿಗೆ ಎಚ್ಚರವಾಯಿತು. ಮೌನಕ್ಕ ಅವನನ್ನು ನೋಡಿದಳು, ಆಮೇಲೆ ಸಾಹೇಬರನ್ನು. ಅವರು ಜೇಬಿನಿಂದ ಕರವಸ್ತ್ರ ತೆಗೆದು, ಸ್ವಲ್ಪ ಕೊಡ್ತೀಯೇನಪ್ಪ ಎಂದು ಇಸ್ತ್ರಿಪೆಟ್ಟಿಗೆ ಇಸಿದುಕೊಂಡು, ತಾವೇ ತೀಡಿ, ಮಡಚಿ, ಬೆಚ್ಚಗಿದ್ದಾಗಲೇ ಕೆನ್ನೆಗೆ ಒತ್ತಿಕೊಂಡರು.

ಟಾಕೀಸಿನಲ್ಲಿ ಮಧ್ಯಾಹ್ನದ ಆಟಕ್ಕೆ ಜನ ಒಳಗೆ ಹೋಗುತ್ತಿದ್ದರು. ಹೊಸ ಗೇಟಿನವನು ಚಪ್ಪಲಿ ಅಂಗಡಿಯಿಂದ ಬಂದವನು.

"ದಿನಕ್ಕೆ ಎಂಬತ್ತು ಪಾದ ನೋಡ್ತಿದ್ದೆ ಸಾರ್. ಆರು ವರ್ಷ ಬಗ್ಗಿದ ಕತ್ತು ಎತ್ತಲಿಲ್ಲ. ಈಗ ಜನರ ಮುಖ ನೋಡೋ ಭಾಗ್ಯ ಬಂತು."

"ಈ ಕತ್ತಲಲ್ಲಿ ಮುಖ ಎಲ್ಲಿ ಕಾಣುತ್ತೆ?"

"ಕಾಣೋದಿಲ್ಲ. ಆದ್ರೆ ಮೇಲ್ಗಡೆ ಇದೆ ಅಂತ ಗೊತ್ತಾಗುತ್ತಲ್ಲ."

ಅದನ್ನು ಯಾವ ಕಾಲಮಿನಲ್ಲಿ ಬರೆಯುವುದೆಂದು ಸಾಹೇಬರಿಗೆ ತಿಳಿಯಲಿಲ್ಲ. ಯೋಚಿಸುತ್ತಲೇ ಅವನ ಪಕ್ಕ ನಿಂತು ಹತ್ತೊಂಬತ್ತು ಜನರ ಟಿಕೆಟು ಹರಿದು ಒಳಗೆ ಬಿಟ್ಟರು. ಮುದುಕಿಯೊಬ್ಬಳು "ಒಳ್ಳೇದಾಗ್ಲಪ್ಪ" ಅಂದದ್ದಕ್ಕೆ ಹೊರಗೆ ಬಂದ ಮೇಲೂ ನಗುತ್ತಿದ್ದರು.

ಚಪ್ಪಲಿ ಅಂಗಡಿಯಲ್ಲಿ ಈಗ ಕೆಲಸಕ್ಕಿದ್ದವಳು ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದ ಹೆಂಗಸು.

"ಅಲ್ಲಿ ಒಂದು ಸಲ ಹೊಡೆದ್ರೆ ಮಕ್ಕಳ ಶಾಪ, ಇನ್ನೊಂದು ಸಲ ಹೊಡೆದ್ರೆ ಮೇಷ್ಟ್ರುಗಳ ಶಾಪ. ಇಲ್ಲಿ ಚಪ್ಪಲಿ ಕಚ್ಚಿದ್ರೆ ಜನ ಚಪ್ಪಲೀನ ಬೈತಾರೆ, ನನ್ನ ಅಲ್ಲ. ಏನಮ್ಮ, ನಿನ್ನದು ಯಾವ ಸೈಜು?"

ಮೌನಕ್ಕ ಗೊತ್ತಿಲ್ಲವೆಂದು ತಲೆಯಾಡಿಸಿದಳು. ಸಾಹೇಬರು ಮುಂದೆ ಬಂದು ಅಳತೆಯ ಹಲಗೆಯನ್ನು ತಾವೇ ನೆಲಕ್ಕಿಟ್ಟು, ಅವಳ ಪಾದ ಇಡಿಸಿ, ಅಡ್ಡಪಟ್ಟಿ ಜರುಗಿಸಿದರು.

"ಐದು," ಎಂದರು. ಬಗ್ಗಿ ಮತ್ತೊಮ್ಮೆ ನೋಡಿದರು. "ಐದೇ. ನೋಡಮ್ಮ, ಅಳತೆ ಅಂದ್ರೆ ಇದು. ಪಾದ ಇಟ್ರೆ ಸಂಖ್ಯೆ ಬಂತು. ನಿನ್ನ ಪಾದ ಬೇರೆಯವರ ಪಾದದಿಂದ ಜರುಗಿ ಬಂದಿದ್ದಾ ಅಂತ ಯಾರೂ ಕೇಳಲ್ಲ."

ಶಾಲೆಗೆ ಹೋಗುವಾಗ ದಾರಿಯುದ್ದಕ್ಕೂ ಮೌನಕ್ಕ ಮನಸ್ಸಿನಲ್ಲೇ ಬೇಡಿಕೊಂಡಳು: ಈಗ ಗಂಟೆ ಹೊಡೆಯುವವನು ಸೋಮಾರಿಯಾಗಿರಲಿ, ಹುಟ್ಟಿದಾಗಿನಿಂದ ಒಂದು ಕಡ್ಡಿ ಎತ್ತಿಡದವನಾಗಿರಲಿ.

ಗಂಟೆಯವನು ಶಾಲೆಯ ಜಗಲಿಯಲ್ಲಿ ಗಡಿಯಾರ ನೋಡುತ್ತ ಕೂತಿದ್ದ. ಸಾಹೇಬರನ್ನು ಕಂಡವನೇ ಎದ್ದು ಸಲಾಮು ಹೊಡೆದ.

"ಸಾಹೇಬ್ರೆ, ನೀರು ತರ್ಲಾ?"

ಸಾಹೇಬರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಅವನು ಅವರ ಕಚೇರಿಯದೇ ಜವಾನ.

"ನೀನು ರಜೆ ಮೇಲಿದ್ದೀಯ ಅಲ್ವೇನಯ್ಯ?"

"ರಾಜೀನಾಮೆ ಕೊಟ್ಟು ನಾಲ್ಕು ತಿಂಗಳಾಯ್ತು. ನಿಮ್ಮ ಮೇಜಿನ ಮೇಲೇ ಇಟ್ಟಿದ್ದೆ. ಅದರ ಮೇಲೆ ನೀವು ಟೀ ಲೋಟ ಇಡ್ತಿದ್ರಿ."

"ಮತ್ತೆ ಇಷ್ಟು ದಿನ ನನಗೆ ನೀರು ಯಾರು ಕೊಟ್ರು?"

"ನೀವೇ ಎದ್ದು ಹೋಗಿ ಕುಡಿದಿರ್ಬೇಕು."

ಸಾಹೇಬರು ನೆನಪು ಮಾಡಿಕೊಂಡರು. ಹಾಗೆಯೇ ಆಗಿತ್ತು.

"ಯಾಕಯ್ಯ ಬಿಟ್ಟೆ? ಸರ್ಕಾರಿ ಕೆಲಸ."

"ಬೇಜಾರು ಮಾಡ್ಕೋಬೇಡಿ. ಅಲ್ಲಿ ನಾನಿದ್ರೂ ಗೊತ್ತಾಗ್ತಿರಲಿಲ್ಲ, ಇಲ್ದಿದ್ರೂ ಗೊತ್ತಾಗ್ತಿರಲಿಲ್ಲ. ಇಲ್ಲಿ ಒಂದು ನಿಮಿಷ ತಡ ಮಾಡಿ ನೋಡಿ, ಆರುನೂರು ಮಕ್ಕಳು ಕಿಟಕಿಯಿಂದ ನನ್ನ ಹೆಸರು ಹಿಡಿದು ಕೂಗ್ತಾರೆ." ಅವನು ಗಡಿಯಾರ ನೋಡಿ ಕೊಡತಿಯನ್ನು ಸಾಹೇಬರ ಕಡೆ ಚಾಚಿದ. "ಹೊತ್ತಾಯ್ತು. ನೀವೇ ಹೊಡೀರಿ."

ಸಾಹೇಬರು ಹೊಡೆದರು. ಮೊದಲ ಏಟು ಅಳುಕುತ್ತ ಬಿತ್ತು, ಉಳಿದವು ಊರಿಗೇ ಕೇಳಿಸಿದವು. ಆರುನೂರು ಮಕ್ಕಳು ಕಟ್ಟೆಯೊಡೆದ ನೀರಿನಂತೆ ಹೊರಗೆ ನುಗ್ಗಿ ಅವರ ಎರಡೂ ಪಕ್ಕದಿಂದ ಹರಿದುಹೋದರು. ಸಾಹೇಬರ ಮುಖಕ್ಕೆ ಆ ಹದಿನಾರು ವರ್ಷದಲ್ಲಿ ಮೊದಲ ಬಾರಿಗೆ ಬಣ್ಣ ಬಂದಿರಬೇಕು. ಹಾಗೆಂದು ಮೌನಕ್ಕನಿಗೆ ಅನ್ನಿಸಿತು.

ಇನ್ನು ಉಳಿದದ್ದು ಅಳತೆ ಕಚೇರಿ. ಉದ್ದನೆಯ ಪಡಸಾಲೆಯ ಕೊನೆಯಲ್ಲಿ ಸಾಹೇಬರ ಕೋಣೆ, ಅದರ ಬಾಗಿಲ ಪಕ್ಕ ಜವಾನನ ಸ್ಟೂಲು, ಸ್ಟೂಲಿನ ಮೇಲೆ ನಾಲ್ಕು ತಿಂಗಳ ಧೂಳು. ಎದುರಿನ ಕಿಟಕಿಯಿಂದ ಬೀದಿ ಪೂರ್ತಿ ಕಾಣುತ್ತಿತ್ತು. ಕೋಣೆಯೊಳಗೆ ಕಿಟಕಿಯೇ ಇರಲಿಲ್ಲ, ಗೋಡೆ ತುಂಬ ಫೈಲುಗಳು.

"ಇಲ್ಲಿಗೆ ಮುಗೀತು," ಎಂದರು ಸಾಹೇಬರು. ದಣಿದು ಆ ಧೂಳಿನ ಮೇಲೆಯೇ ಕೂತರು. "ಅಲ್ಲಿ ನೀನು ಒಂದು ಜಾಸ್ತಿಯಾದೆ, ಇಲ್ಲಿ ಈ ಸ್ಟೂಲು ಒಂದು ಕಡಿಮೆ ಮಾಡ್ತು. ಸೊನ್ನೆ ಅಂತ ಬರೀಬೇಕಮ್ಮ. ನನಗೇನೂ ಖುಷಿಯಿಲ್ಲ."

ಮೌನಕ್ಕನಿಗೆ ಚಿಕ್ಕಮ್ಮನ ಗೂಡು ಕಣ್ಣ ಮುಂದೆ ಬಂತು. "ಇದಕ್ಕೆ ಬೇರೆ ಯಾರನ್ನಾದ್ರೂ ತಗೋಬಹುದಲ್ವಾ ಸರ್?"

"ಹೇಗೆ ತಗೊಳ್ಳೋದು? ಲಾಂಡ್ರಿ ವರದಿ ಮೇಲೆ ಹೋಗೋವರೆಗೂ ಈ ಕಚೇರಿಗೆ ಹೊಸ ನೇಮಕ ಇಲ್ಲ ಅಂತ ಮೇಲಿನವರ ಆಜ್ಞೆ. ಸ್ಟೂಲು ತುಂಬದೆ ವರದಿ ಸರಿಹೋಗಲ್ಲ."

ಅವರು ಮಾತಾಡುತ್ತಲೇ ಬೂಟು ಸಡಿಲಿಸಿ, ಬೆನ್ನನ್ನು ಗೋಡೆಗೆ ಆನಿಸಿದರು. ಬೀದಿಯಲ್ಲಿ ಹಣ್ಣಿನ ಗಾಡಿಯವಳು ಯಾರ ಜೊತೆಗೋ ಜಗಳವಾಡುತ್ತಿದ್ದಳು. ಸಾಹೇಬರು ಕತ್ತು ಚಾಚಿ ನೋಡಿದರು. ಬೆಳಿಗ್ಗೆಯಿಂದ ಅವರನ್ನೇ ಗಮನಿಸುತ್ತ ಬಂದಿದ್ದ ಮೌನಕ್ಕ ಈಗ ಐದು ತಿಂಗಳ ಮಾತನ್ನೆಲ್ಲ ಒಟ್ಟಿಗೆ ಖರ್ಚು ಮಾಡಿದಳು.

"ಸರ್, ಹೊಸಬರನ್ನ ತಾನೇ ತಗೋಬಾರದು? ಇಲ್ಲೇ ಇರೋರು ಕೂತ್ಕೋಬಹುದಲ್ಲ. ಇವತ್ತು ನಾವು ನೋಡಿದೋರು ಎಲ್ರೂ ತಮ್ಮ ಜಾಗ ಬಿಟ್ಟು ಪಕ್ಕದ ಜಾಗಕ್ಕೆ ಹೋಗಿದ್ದಾರೆ. ಒಬ್ಬರಿಗೂ ವಾಪಸ್ ಹೋಗೋ ಮನಸ್ಸಿಲ್ಲ."

"ಇಲ್ಲೇ ಇರೋರು ಅಂದ್ರೆ?"

ಅವಳು ಸ್ಟೂಲನ್ನು ನೋಡಿದಳು, ಸ್ಟೂಲಿನ ಮೇಲಿದ್ದವರನ್ನು ನೋಡಿದಳು.

ಜಗಳ ಮುಗಿದು ಹಣ್ಣಿನ ಗಾಡಿ ಮೂಲೆ ದಾಟುವವರೆಗೂ ಸಾಹೇಬರು ಕಿಟಕಿಯಾಚೆ ನೋಡಿದರು. "ಆಗ ಒಳಗಿನ ಕುರ್ಚಿ ಖಾಲಿ ಆಗುತ್ತೆ."

"ಹೌದು ಸರ್."

"ಅದಕ್ಕೆ ಯಾರು ಬಂದ್ರು, ಎಲ್ಲಿಂದ ಬಂದ್ರು ಅಂತ ಯಾರಾದ್ರೂ ಹೋಗಿ ನೋಡ್ಬೇಕಾಗುತ್ತೆ. ಅಲ್ಲೀವರೆಗೂ ವರದಿ ಬರೆಯೋ ಹಾಗಿಲ್ಲ."

"ಅದನ್ನ ಆ ಕುರ್ಚೀಲಿ ಕೂತಿರೋರೇ ನೋಡ್ಬೇಕು ಸರ್."

ಸಾಹೇಬರು ಬೆರಳು ಮಡಚಿ ಏನೋ ಎಣಿಸಿದರು, ಮತ್ತೆ ಬಿಚ್ಚಿದರು. "ಸಂಬಳ ಅರ್ಧ ಆಗುತ್ತೆ," ಎಂದು ಕಿಟಕಿಗೆ ಹೇಳಿದರು. ಆಮೇಲೆ ಅವಳ ಕಡೆ ತಿರುಗಿ, "ನೀನು ಎಷ್ಟು ಓದಿದ್ದೀಯಮ್ಮ?"

"ಏಳನೇ ಕ್ಲಾಸು."

"ಅದಕ್ಕೇ ಹೊಳೀತು," ಎಂದರು ಸಾಹೇಬರು. ಬಗ್ಗಿ ಇನ್ನೊಂದು ಬೂಟನ್ನೂ ಸಡಿಲಿಸಿದರು.

ಮರುದಿನ ಲಾರಿ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಹತ್ತು ದಿನವಾದ ಮೇಲೆ ಯಜಮಾನಿಗೆ ಲಾರಿ ಬಾರದಿರುವುದೇ ಒಂದು ಚಿಂತೆಯಾಯಿತು. "ಹೋಗಿ ಕೇಳ್ಕೊಂಡು ಬಾ. ತೂಗುಗತ್ತಿ ಕೆಳಗೆ ಕೂತು ಎಷ್ಟು ದಿನ ಅಂತ ಬಟ್ಟೆ ಒಗೀಲಿ?" ಎಂದು ಮೌನಕ್ಕನನ್ನು ಓಡಿಸಿದಳು.

ಪಡಸಾಲೆಯ ಬೆಂಚುಗಳ ಮೇಲೆ ಹದಿನೈದು ಜನ ಚೀಟಿ ಹಿಡಿದು ಕೂತಿದ್ದರು. ಯಾರ ಮುಖದಲ್ಲೂ ಅವಸರವಿರಲಿಲ್ಲ. ಎಲ್ಲರ ಕೈಗೂ ನೀರು ಬಂದಿತ್ತು. ಒರೆಸಿ ಹೊಳೆಯುತ್ತಿದ್ದ ಸ್ಟೂಲಿನ ಮೇಲೆ ಸಾಹೇಬರು ಕಾಲು ಚಾಚಿಕೊಂಡು ಕೂತಿದ್ದರು. ಬಿಸಿಲಿಗೆ ಮೂಗು ಕಂದಿತ್ತು. ಅವಳನ್ನು ಕಂಡು ಎದ್ದು ಒಂದು ಚೀಟಿ ಕೊಟ್ಟರು. ಹದಿನಾರು.

"ಸರ್, ನಮ್ಮ ಲಾಂಡ್ರಿ ವರದಿ..."

"ಸರ್ ಅನ್ಬೇಡಮ್ಮ," ಅವರು ದನಿ ತಗ್ಗಿಸಿ ಬಾಗಿಲಿನ ಕಡೆ ಕಣ್ಣು ತೋರಿಸಿದರು. "ಸಾಹೇಬ್ರು ಕೇಳಿಸ್ಕೊಂಡ್ರೆ ತಪ್ಪು ತಿಳ್ಕೋತಾರೆ."

ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕುರ್ಚಿ ಖಾಲಿ. ಮೇಜಿನ ಮೇಲೆ ಲಾಂಡ್ರಿಯ ಫೈಲು, ಅದರ ಮೇಲೆ ಮೇಲಿನಿಂದ ಬಂದ ಪತ್ರಗಳು ಒಂದರ ಮೇಲೊಂದು ನೀಟಾಗಿ. ಪ್ರತಿದಿನ ಹೊಸ ಪತ್ರ ಇಟ್ಟು, ಧೂಳು ಒರೆಸಿ, ಒಂದು ಲೋಟ ನೀರು ಮುಚ್ಚಿಟ್ಟು ಬರುವುದು ಅವರ ಪಾಲಿನ ಕೆಲಸವಾಗಿತ್ತು. ಅದನ್ನು ಅವರು ಒಂದು ದಿನವೂ ತಪ್ಪಿಸಿರಲಿಲ್ಲ.

"ಯಾವಾಗ ಬರ್ತಾರೆ?" ಎಂದಳು ಮೌನಕ್ಕ.

"ನೇಮಕ ಆದ ಮೇಲೆ ಬರ್ತಾರೆ. ನೇಮಕಕ್ಕೆ ನಿಮ್ಮ ವರದಿ ಹೋಗಿರ್ಬೇಕು. ವರದಿ ಅವರೇ ಬಂದು ಬರೀಬೇಕು." ಅವರು ಬೆಂಚಿನ ತುದಿಯನ್ನು ಬಟ್ಟೆಯಿಂದ ಒರೆಸಿ ಅವಳಿಗೆ ಜಾಗ ಮಾಡಿಕೊಟ್ಟರು. "ಕೂತು ಕಾಯ್ಬಹುದು. ಬಿಸಿಲು ಚೆನ್ನಾಗಿ ಬರುತ್ತೆ ಈ ಹೊತ್ತಲ್ಲಿ."

"ಇಲ್ಲ," ಎಂದಳು ಮೌನಕ್ಕ, ಚೀಟಿಯನ್ನು ಅವರಿಗೇ ಹಿಂದಿರುಗಿಸುತ್ತ. "ಆಸ್ಪತ್ರೆ ಬಟ್ಟೆ ಬರೋ ಹೊತ್ತಾಯ್ತು."