ಬೊಮ್ಮಪ್ಪನ ದುರ್ಬೀನು

ಪಾಲಯ್ಯ ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದಾಗ ಮಾರೆಮ್ಮ ಗಂಡ ಬೊಮ್ಮಪ್ಪನ ಕಾಲ ಬಳಿಯಿಂದ ತಟ್ಟನೆ ಎದ್ದಳು. ಪಕ್ಕದ ಗಂಗಪ್ಪನ ಮನೆಯಿಂದ ಹೊಗೆ ಏಳುತ್ತಿತ್ತು. ಹೆಣ ಎತ್ತುವ ತನಕ ನೆರೆಮನೆಯವರು ಒಲೆ ಹಚ್ಚುವುದು ಕೂಡ್ಲಿಗಿಯ ಆ ಓಣಿಯಲ್ಲಿ ಇರಲಿಲ್ಲ.

"ಒಲಿ ಹಚ್ಚ್ಯಾರ ನೋಡ್ರಿ ಪಾಲಯ್ಯಣ್ಣ, ನಾಯಿ ಸತ್ತಂಗ."

"ದುರ್ಬೀನು ಇಟ್ಟು ಅವರ ಸೊಸೇರನ್ನ ನೋಡ್ತಿದ್ದ ಅಂತ ಸಿಟ್ಟವ್ವ. ಅದರಾಗ ಮಂದಿ ತಲಿಕೆಳಗ ಕಾಣ್ತಾರಂತಲ್ಲ! ಸೀರಿ ಗತಿ ಏನಂತ ಹೆಣ್ಮಕ್ಕಳು ಬ್ಯಾಸಗ್ಯಾಗೂ ಮಾಳಿಗಿ ಹತ್ತದು ಬಿಟ್ರು."

ಯಾರೋ ಕಿಸಕ್ಕೆಂದು, ಟವೆಲಿನಿಂದ ಬಾಯಿ ಮುಚ್ಚಿಕೊಂಡರು. ಇಂಥ ಮಾತು ಹೊತ್ತುಕೊಂಡೇ ಅವನು ಮಣ್ಣಿಗೆ ಹೋಗಬೇಕೇ?

*

ಬೊಮ್ಮಪ್ಪ ಟೂರಿಂಗ್ ಟಾಕೀಸಿನ ಆಪರೇಟರು. ಗಾಜು ಉಜ್ಜಿ ಉಜ್ಜಿ ತಾನೇ ಕನ್ನಡಿ ಮಾಡಿ, ತಗಡಿನ ಕೊಳವೆಗೆ ಕೂಡಿಸಿ ಮಾಳಿಗೆಯ ಮೇಲೆ ನಿಲ್ಲಿಸಿದ್ದ. ಒಮ್ಮೆ ರಾತ್ರಿ ಮಾರೆಮ್ಮನನ್ನು ಕರೆದ.

"ಅಲ್ಲೊಂದು ಗೆರಿ ಐತಿ ನೋಡು. ಗೆಲಾಕ್ಸಿ ಅಂತಾರ, ಚುಕ್ಕಿಗಳ ದೊಡ್ಡ ಊರು. ರೊಟ್ಟಿ ಹಂಗ ಚಪ್ಪಟಿ, ನಮಗ ಅಂಚಷ್ಟ ಕಾಣ್ತೈತಿ."

"ಏನೂ ಇಲ್ಲ, ಬರೇ ಕತ್ಲ."

"ನೇರ ನೋಡಬ್ಯಾಡ. ಅದರ ಪಕ್ಕಕ್ಕ ನೋಡು, ಆಗ ಬರ್ತೈತಿ."

ಅವನು ಉಸಿರು ಬಿಗಿಹಿಡಿದು ಕಾಯುತ್ತಿದ್ದ. "ಹೂಂ, ಕಾಣ್ತು," ಎಂದಳು. ಕಂಡಿರಲಿಲ್ಲ.

*

ಗಂಗಪ್ಪನ ಹೆಂಡತಿ ನಾಗಲಿಂಗಮ್ಮನನ್ನು ಮಾರೆಮ್ಮ ಒಲೆಯ ಮುಂದಿನಿಂದ ಕೈಹಿಡಿದು ಎಳೆದುಕೊಂಡೇ ತನ್ನ ಮಾಳಿಗೆ ಹತ್ತಿಸಿದಳು.

"ನಿಮ್ಮ ಮಾಳಿಗಿ ಕಡೆ ತಿರುಗಸ್ರಿ ಅಕ್ಕಾ, ನೋಡೋಣ."

ನಾಗಲಿಂಗಮ್ಮ ಕೊಳವೆಯನ್ನು ಒತ್ತಿದಳು. ಅರ್ಧಕ್ಕೇ ನಿಂತಿತು. ಅಡಿಯಲ್ಲಿ ಬಡಿದಿದ್ದ ಮರದ ತುಂಡು ಅದನ್ನು ಕೆಳಗೆ ಬಾಗಗೊಡಲಿಲ್ಲ.

"ನೀವು ಬೈದ ದಿನಾನ ಬಡದ. ಕೆಳಗಿನ ಚುಕ್ಕಿ ಹೋದ್ರ ಹೋಗ್ಲಿ ಅಂದ."

"ಅದಕ್ಕೂ ಮೊದ್ಲು?"

ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು.

"ನನಗ ಗೊತ್ತಿಲ್ಲಕ್ಕ. ಗೆರಿ ಐತಿ ಅಂತಿದ್ದ. ನನಗ ಒಂದಿನಾನೂ ಕಾಣ್ಲಿಲ್ಲ."

ನಾಗಲಿಂಗಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಬಗ್ಗಿ, ಹಗಲಿನ ಬರೀ ನೀಲಿಗೆ ಕಣ್ಣಿಟ್ಟಳು. ಕೆಳಗಿನಿಂದ ಪಾಲಯ್ಯ ಹೊತ್ತಾಯಿತೆಂದು ಕೂಗಿದರೂ ಕಣ್ಣು ಕೀಳಲಿಲ್ಲ.

ನಾಗಲಿಂಗಮ್ಮ ಇಳಿದು ಬಂದು ಚಟ್ಟದ ಪಕ್ಕ ನಿಂತಾಗ ಮಂದಿಯೆಲ್ಲ ಅವಳ ಕಣ್ಣ ಕಡೆಗೇ ತಿರುಗಿದರು. ಹೊರಬೆಳಕು ತಾಗದಿರಲೆಂದು ಬೊಮ್ಮಪ್ಪ ಕಣ್ಣಿಡುವ ಕಿಂಡಿಯ ಸುತ್ತ ಬಳಿದಿದ್ದ ದೀಪದ ಮಸಿ ಅವಳ ಕಣ್ಣ ಸುತ್ತ ದುಂಡಗೆ ಅಂಟಿತ್ತು. ಅದರ ಅರಿವಿಲ್ಲದೆ ಅವಳು ಬಗ್ಗಿ ಅವನ ಕಾಲು ಮುಟ್ಟಿದಳು.