ಮರಿವಿಕ್ ಟೀಚರಿಗೊಂದು ವಿಳಾಸ

ನಮ್ಮ ತೊರ್ರೆಹೋಂದ ಊರಿನ ಶಾಲೆಗೆ ಪ್ರತಿ ವರ್ಷ ಪರದೇಶದಿಂದ ಒಬ್ಬರು ಭಾಷಾ ಸಹಾಯಕರು ಬರುತ್ತಾರೆ. ಮಕ್ಕಳ ಜೊತೆ ಇಂಗ್ಲಿಷಿನಲ್ಲಿ ಮಾತಾಡಿ ಮಾತಾಡಿ ಅವರ ನಾಲಿಗೆ ಪಳಗಿಸುವುದು ಅವರ ಕೆಲಸ. ಕಳೆದ ವರ್ಷ ಬಂದವಳು ಫಿಲಿಪೀನ್ಸಿನ ಮರಿವಿಕ್. ನಮ್ಮೂರ ಬೆನಿತಾಳ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದಳು. ಎರಡೇ ವಾರದಲ್ಲಿ ಮಕ್ಕಳು ಬೀದಿಯಲ್ಲಿ ಇಂಗ್ಲಿಷಿನಲ್ಲೇ ಜಗಳವಾಡತೊಡಗಿದರು.

ಮಕ್ಕಳನ್ನು ಗೆದ್ದವಳು ಕಾಗದಪತ್ರಗಳಿಗೆ ಸೋತಿದ್ದಳು. ವೀಸಾ ಇದ್ದದ್ದು ಮೂರೇ ತಿಂಗಳಿಗೆ. ಮುಂದೆಯೂ ಇಲ್ಲಿ ಉಳಿಯಲು ಪರದೇಶದವರಿಗೆ ಕೊಡುವ ಗುರುತಿನ ಚೀಟಿಯನ್ನು ಅಷ್ಟರಲ್ಲಿ ಮಾಡಿಸಬೇಕು. ದಾರಿ ತೋರಿಸಬೇಕಿದ್ದ ಟೀಚರು ಹೆರಿಗೆ ರಜೆಯಲ್ಲಿದ್ದರು. ಇಪ್ಪತ್ತಮೂರು ದಿನ ಕಂಪ್ಯೂಟರ್ ಮುಂದೆ ಕೂತು, ಪಟ್ಟಣದ ಕಚೇರಿಯಲ್ಲಿ ಒಂದು ಗುರುವಾರದ ಸಮಯ ಗಿಟ್ಟಿಸಿಕೊಂಡಿದ್ದಳು.

ನನ್ನದು ಹೆಂಗಸರ ಕೂದಲು ಕತ್ತರಿಸುವ ಅಂಗಡಿ. ಆ ಮಂಗಳವಾರ ಮಧ್ಯಾಹ್ನ ಒಂದೂವರೆಗೆ ಬೆನಿತಾಳ ತಲೆಗೆ ಬಣ್ಣ ಹಚ್ಚಿ ಕೂರಿಸಿದ್ದೆ. ಮರಿವಿಕ್ ಏದುಸಿರು ಬಿಡುತ್ತ ಬಂದಳು.

"ಬೆನಿತಮ್ಮಾ, ನಾನು ನಿಮ್ಮನೇಲಿದೀನಿ ಅಂತ ಊರಿನ ನಿವಾಸಿಗಳ ಪಟ್ಟೀಲಿ ಬರೆಸ್ಬೇಕಂತೆ. ನೀವೇ ಬಂದು ಸಹಿ ಹಾಕ್ಬೇಕಂತೆ. ನಾಳೆ ಸಂತರ ಹಬ್ಬ, ಊರ ಕಚೇರಿ ಇರಲ್ಲ. ನಾಡಿದ್ದು ಪಟ್ಟಣದಲ್ಲಿ, ಪಟ್ಟೀಲಿ ಹೆಸರಿದೆ ಅನ್ನೋ ಕಾಗದ ತೋರಿಸ್ದಿದ್ರೆ ನಂಗೆ ಚೀಟಿ ಸಿಗಲ್ಲ."

ಕ್ರಿಸ್ಮಸ್ ರಜೆಯಲ್ಲಿ ಫಿಲಿಪೀನ್ಸಿನಲ್ಲಿ ಅವಳ ತಂಗಿಯ ಮದುವೆ. ಚೀಟಿಯಿಲ್ಲದೆ ಹೋದರೆ ಮತ್ತೆ ಶಾಲೆಗೆ ಬರುವುದು ಕಷ್ಟ.

"ಸಹಿನಾ?" ಅಂದಳು ಬೆನಿತಾ. "ಮಸೂರದ ಸಾರು ಇನ್ನೊಂದು ತಟ್ಟೆ ಕೇಳು ಮಗಳೇ, ಬಡಿಸ್ತೀನಿ. ಸಹಿ ಮಾತ್ರ ಕೇಳ್ಬೇಡ. ಇವತ್ತು ಪಟ್ಟೀಲಿ ಹೆಸರು, ನಾಳೆ ಮನೇನೇ ನಂದು ಅಂದ್ರೆ?"

"ಯಾರು ಹೇಳಿದ್ದು ನಿಂಗೆ?" ಅಂದೆ.

"ನಮ್ಮ ನಾದಿನಿ."

"ಮೈಕ್ರೋವೇವ್ ಇಟ್ಕೊಂಡ್ರೆ ಕೂದಲು ಉದುರತ್ತೆ ಅಂದೋಳೂ ಅವಳೇ ಅಲ್ವಾ? ನಮ್ಮನೆ ಮಹಡೀಲಿ ಮೂರು ವರ್ಷದಿಂದ ಒಬ್ಬ ನರ್ಸಮ್ಮ ಬಾಡಿಗೆಗಿದಾಳೆ. ಪಟ್ಟೀಲಿ ಹೆಸರು ಬರೆಸಿದೀನಿ. ಮನೆ ಇನ್ನೂ ನಂದೇ."

ಬೆನಿತಾಳಿಗೆ ನಂಬಿಕೆ ಬರಲಿಲ್ಲ. ಊರ ಕಚೇರಿಯ ಗುಮಾಸ್ತ ಅನ್ಸೆಲ್ಮೊಗೆ ಫೋನ್ ಹಚ್ಚಿ, ವಿಷಯ ಹೇಳಿ, ಅವನ ಮಾತು ಎಲ್ಲರಿಗೂ ಕೇಳುವಂತೆ ಹಿಡಿದೆ.

"ಬೆನಿತಾ, ಮನೆ ಯಾರದು ಅಂತ ಹೇಳೋದು ನಿನ್ನ ಮನೆಪತ್ರ. ನನ್ನ ಪಟ್ಟಿ ಹೇಳೋದು ಯಾರು ಎಲ್ಲಿ ವಾಸವಾಗಿದಾರೆ ಅಂತ, ಅಷ್ಟೇ. ಎರಡು ಗಂಟೆಗೆ ಬಾಗಿಲು ಹಾಕ್ತೀನಿ, ಬರೋದಾದ್ರೆ ಬೇಗ ಬಾ."

ಬೆನಿತಾ ಕನ್ನಡಿಯಲ್ಲೇ ಮರಿವಿಕ್‌ಳ ಮುಖ ನೋಡಿದಳು. "ಇಷ್ಟು ದಿನ ಒಬ್ಬಳೇ ಒದ್ದಾಡಿದ್ಯಾ? ಮೊದಲೇ ಯಾಕೆ ಹೇಳ್ಲಿಲ್ಲ?"

"ತೊಂದರೆ ಕೊಡಬಾರದು ಅಂತ..."

"ಸ್ನಾನದ ಮನೇಲಿ ಗಂಟೆಗಟ್ಟಲೆ ಹಾಡ್ತೀಯಲ್ಲ, ಅದು ತೊಂದರೆ ಅಲ್ವಾ? ನಡಿ!"

ತಲೆಗೆ ಪ್ಲಾಸ್ಟಿಕ್ ಟೋಪಿ, ಕೆನ್ನೆಗೆ ಇಳಿಯುತ್ತಿದ್ದ ಬಣ್ಣ. ಅದೇ ಅವತಾರದಲ್ಲಿ ಅವಳು ಚೌಕ ದಾಟಿದಳು. ಬಾರಿನ ಮುಂದೆ ಕೂತಿದ್ದ ಗಂಡಸರು ಬಿದ್ದು ಬಿದ್ದು ನಕ್ಕರು.

"ಏನ್ರೋ ನೋಡ್ತೀರಾ? ಸರ್ಕಾರಿ ಕೆಲಸದ ಮೇಲೆ ಹೊರಟಿದೀನಿ!"

ಎರಡಕ್ಕೆ ಐದು ನಿಮಿಷವಿತ್ತು. ಸಹಿ ಬಿತ್ತು, ಮೊಹರೂ ಬಿತ್ತು. ಗುರುವಾರ ಬೆನಿತಾ ತಾನೂ ಜೊತೆಗೆ ಬಸ್ಸು ಹತ್ತಿದಳು. ತೊಳೆಯಲು ತಡವಾಗಿ ಬೀಟ್‌ರೂಟ್ ಬಣ್ಣಕ್ಕೆ ತಿರುಗಿದ್ದ ಅವಳ ತಲೆಯನ್ನು ಕಚೇರಿಯವರೆಲ್ಲ ನೋಡಿದರಂತೆ. ಡಿಸೆಂಬರಿನಲ್ಲಿ ಚೀಟಿ ಬಂತು. ಮರಿವಿಕ್ ತಂಗಿಯ ಮದುವೆ ಮುಗಿಸಿ, ಒಣಮಾವಿನ ಪೊಟ್ಟಣಗಳೊಂದಿಗೆ ಜನವರಿಯಲ್ಲಿ ಶಾಲೆಗೆ ಮರಳಿದಳು.

ಈ ವರ್ಷ ಐರ್ಲೆಂಡಿನ ಕೋರ್ಮಕ್ ಬಂದಿದ್ದಾನೆ. ಅವನು ಬಸ್ಸಿಳಿಯುವಾಗ ಬೆನಿತಾ ನಿಲ್ದಾಣದಲ್ಲೇ ಕಾದಿದ್ದಳು. "ಮೊದಲು ಪಟ್ಟಿ, ಆಮೇಲೆ ಊಟ," ಎಂದು ಅವನ ಪೆಟ್ಟಿಗೆಯನ್ನು ತಾನೇ ಎಳೆದುಕೊಂಡು ಹೊರಟಳು.

ನಿಮ್ಮ ಮಕ್ಕಳಿಗೆ ಮಾತು ಕಲಿಸಲು ದೂರದಿಂದ ಬಂದವರು ನಿಮ್ಮ ಬೀದಿಯಲ್ಲೂ ಇರಬಹುದು. "ಕಾಗದಪತ್ರ ಎಲ್ಲ ಆಯ್ತಾ?" ಎಂದು ಇವತ್ತೇ ಕೇಳಿ. ಮನೆ ಕೊಟ್ಟಿದ್ದರೆ ಬಾಡಿಗೆ ಪತ್ರವನ್ನೂ ಕೊಡಿ, ಪಟ್ಟಿಗೆ ಸಹಿ ಹಾಕಿ. ಅನುಮಾನವಿದ್ದರೆ ನಾದಿನಿಯನ್ನಲ್ಲ, ಊರ ಕಚೇರಿಯನ್ನು ಕೇಳಿ. ಕಚೇರಿಗೆ ಹೋಗುವಾಗ ಅವರ ಜೊತೆ ಒಮ್ಮೆ ನೀವೂ ನಡೆಯಿರಿ.