ಒಂದೇ ಹಾಳೆಯ ಎರಡು ಗಿಡ

ಊಟದ ಹೊತ್ತಿಗೆ ಹೆಸರು ಸಿಗದಿದ್ದರೆ ಬಳ್ಳಿಗೆ ಗರಗಸ ಎಂದು ಮೇಲ್ವಿಚಾರಕರು ಹೇಳಿಹೋಗಿದ್ದರು. ಸಸ್ಯತೋಟದ ಹಿಂದಿನ ಮರಕ್ಕೆ ಸುತ್ತಿಕೊಂಡ, ತೊಡೆಗಾತ್ರದ ಬಳ್ಳಿ ಅದು. ಗುರುತಿಲ್ಲದ್ದಕ್ಕೆ ಅಲ್ಲಿ ಜಾಗವಿಲ್ಲ.

ಒಣಗಿಡಗಳ ಕೋಣೆಯಲ್ಲಿ ಸಂಶೋಧಕಿ ಹುಡುಗಿ ಬೆಳಗಿನಿಂದ ಪುಸ್ತಕ ತಿರುವುತ್ತಿದ್ದಳು. ಎದುರಿಗೆ ಅದೇ ಬಳ್ಳಿಯ ಹಾಳೆ: ಹನ್ನೊಂದು ವರ್ಷದ ಹಿಂದೆ ಒಣಗಿಸಿ ಅಂಟಿಸಿದ ಎಲೆ, ಹೂವು.

"ಅಕ್ಕಾ, ಎಲೆ ನೋಡಿದರೆ ಗಿಡಗಳ ಒಂದು ಮನೆತನ, ಹೂವು ನೋಡಿದರೆ ಇನ್ನೊಂದು. ನನ್ನ ತಲೆ ಗೊಬ್ಬರ ಆಗಿದೆ."

"ತೋಟದವನಿಗೆ ಕೊಡು, ಖುಷಿಪಡ್ತಾನೆ," ಎಂದಳು ಒಣಗಿಡಗಳನ್ನು ಹಾಳೆಗೆ ಅಂಟಿಸುವ ಅಕ್ಕ. ಮೂವತ್ತು ವರ್ಷದಿಂದ ಅದೇ ಅವಳ ಕೆಲಸ. ಶಾಸ್ತ್ರ ಓದಿದವಳಲ್ಲ, ಯಾವ ಕಡ್ಡಿಯ ಗಂಟು ಎಲ್ಲಿ ಉಬ್ಬುತ್ತದೆ, ಕಾಗದದ ಪಟ್ಟಿ ಎಲ್ಲಿ ಕೂರುತ್ತದೆ ಎಂಬುದು ಅವಳ ಬೆರಳಿಗೆ ಗೊತ್ತು.

ಹಾಳೆಯ ಮೇಲೆ ಸುಮ್ಮನೆ ಬೆರಳಾಡಿಸಿದಳು. ಬೆರಳು ಹಿಂದಕ್ಕೆ ಹೋಗಿ ಮತ್ತೊಮ್ಮೆ ತಡವಿತು. ಎಲೆಯ ಕಡ್ಡಿಯಲ್ಲಿ ಗಂಟುಗಳು ಎದುರುಬದುರು, ಜೋಡಿ ಜೋಡಿ. ಹೂವಿನ ಕಡ್ಡಿಯಲ್ಲಿ ಒಂದು ಆಚೆ, ಒಂದು ಈಚೆ.

ಅಂಟಿಸಿದ್ದು ತಾನೇ. ಬಾಯಿ ಮುಚ್ಚಿಕೊಂಡರೆ ಯಾರಿಗೂ ತಿಳಿಯದು. ಆದರೆ ಬಳ್ಳಿ ಹೋಗುತ್ತದೆ.

"ಮರಿ, ಇವು ಎರಡು ಗಿಡ. ಹೂವು ಬಳ್ಳಿ ಸುತ್ತಿಕೊಂಡಿರೋ ಆ ಮರದ್ದು. ಒಂದೇ ಕಾಗದದಲ್ಲಿ ಸುತ್ತಿ ಬಂದಿತ್ತು, ನಾನೂ ಒಟ್ಟಿಗೇ ಮೆತ್ತಿಬಿಟ್ಟೆ. ತಪ್ಪು ನಂದು."

ಹುಡುಗಿ ಭೂತಗನ್ನಡಿ ಹಿಡಿದು ನೋಡಿದಳು. ಮತ್ತೆ ನೋಡಿದಳು. ಕುರ್ಚಿ ಬೀಳಿಸಿಕೊಂಡು ಎದ್ದಳು. "ಅಂದರೆ ಬಳ್ಳಿಯ ಹೂವನ್ನ ಯಾರೂ ನೋಡೇ ಇಲ್ಲ. ಬನ್ನಿ ಅಕ್ಕ, ಬೇಗ."

ಇಬ್ಬರೂ ಓಡಿದರು. ಗರಗಸಕ್ಕೆ ಎಣ್ಣೆ ಹಚ್ಚುತ್ತಿದ್ದ ತೋಟದವನು ಸಂಗತಿ ಕೇಳಿ ಏಣಿ ತಂದ. "ಕಡಿಯೋ ಪಾಪಕ್ಕಿಂತ ಹತ್ತೋ ಕಷ್ಟವೇ ವಾಸಿ," ಎನ್ನುತ್ತಾ ಮೇಲೇರಿ, ಎಲೆಗಳೊಳಗೆ ಮರೆಯಾದ.

"ಹೂವಿಲ್ಲ ಮೇಡಂ," ಎಂದು ಕೂಗಿದ. "ಕಾಯಿ ಇದೆ. ಒಂದೊಂದಕ್ಕೂ ನಾಲ್ಕು ರೆಕ್ಕೆ."

ಹುಡುಗಿ ಅಕ್ಕನ ಕೈಯನ್ನು ನೋಯುವಷ್ಟು ಅದುಮಿದಳು. ಜೋಡಿ ಎಲೆ, ಗಟ್ಟಿ ಬಳ್ಳಿ, ರೆಕ್ಕೆಯ ಕಾಯಿ. ಕೋಣೆಗೆ ಮರಳಿದ ಮೇಲೆ ಪುಸ್ತಕ ತಾನಾಗಿ ದಾರಿ ಬಿಟ್ಟುಕೊಟ್ಟಿತು: ಬಳ್ಳಿಯ ಹೆಸರು ಕಾಂಬ್ರೆಟಮ್. ಬಾಗಿಲಲ್ಲಿ ನಿಂತು, ತೋಟದವನು ಕಿತ್ತು ತಂದ ಕಾಯಿಯನ್ನು ತಿರುಗಿಸಿ ನೋಡಿದ ಮೇಲ್ವಿಚಾರಕರು, "ಸರಿ, ಬಳ್ಳಿ ಇರಲಿ," ಎಂದರು.

ಹೊಸ ಹಾಳೆಗೆ ಚೀಟಿ ಬೇಕಿತ್ತು. 'ಗುರುತಿಸಿದವರು' ಎಂಬಲ್ಲಿ ಹುಡುಗಿ ಮೊದಲು ಅಕ್ಕನ ಹೆಸರು ಬರೆದು, ಕೆಳಗೆ ತನ್ನದನ್ನು ಸೇರಿಸಿದಳು.

"ತಪ್ಪು ಮಾಡಿದವಳ ಹೆಸರು ಯಾಕೆ ಮರಿ?"

"ಮೊದಲು ಕಂಡವರ ಹೆಸರು ಬರೀಬೇಕು. ಅಂಟಿಸಿ ಅಕ್ಕ."

ಮೂವತ್ತು ವರ್ಷ ಒಂದು ಚೀಟಿಯನ್ನೂ ಸೊಟ್ಟಗೆ ಕೂರಿಸದ ಕೈ ಅಂದು ಈ ಚೀಟಿಯನ್ನು ಸೊಟ್ಟಗೆ ಕೂರಿಸಿತು. ಹುಡುಗಿ ಕಂಡೂ ಕಾಣದವಳಂತೆ ಬಿದ್ದ ಕುರ್ಚಿ ಎತ್ತಿಡಲು ಹೋದಳು.